ಮೂರನೇ ಅಳತೆ

ಐದನೇ ಮತ್ತು ಆರನೇ ಹಿಡಿಯನ್ನು ಹಾಕಿಸಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಿದರೆ ಮುಚ್ಚಿಟ್ಟಂತೆ ಆಗುತ್ತದೆ.

ಮೊದಲ ಸ್ಯಾಂಪಲ್ಲಿಗೆ ನಾಲ್ಕೇ ಹಿಡಿ ಇದ್ದವು. ಮೂಲೆಗೊಂದು. ದಪ್ಪ ಕಪ್ಪು ಪ್ಲಾಸ್ಟಿಕ್ ಬಟ್ಟೆಯ ಚೀಲ, ಆಳುದ್ದ, ಮೇಲಿಂದ ಕೆಳಗಿನವರೆಗೆ ಜಿಪ್. ಮರಳಿನ ಮೂಟೆ ತುಂಬಿ ನಾಲ್ವರು ಹೆಂಗಸರ ಕೈಯಲ್ಲಿ ಎತ್ತಿಸಿದಾಗ ನಡು ಜೋತುಬಿದ್ದು ನೆಲಕ್ಕೆ ತಾಗಿತು. ನಾನು ಚೆಕಿಂಗ್ ಟೇಬಲ್ಲಿನವಳು. ತಪ್ಪು ಕಂಡರೆ ಸುಮ್ಮನಿರಲಾಗದವಳು. "ಮಾಸ್ಟರ್, ನಡುವಿಗೆ ಆ ಕಡೆ ಈ ಕಡೆ ಒಂದೊಂದು ಹಿಡಿ ಕೊಟ್ಟರೆ ಜೋತುಬೀಳಲ್ಲ" ಅಂದೆ. ಹೊಲಿಗೆ ಮಾಸ್ಟರ್ ಕೊಟ್ಟು ನೋಡಿದ. ಜೋತುಬೀಳಲಿಲ್ಲ. ಮ್ಯಾನೇಜರ್ ಎಲ್ಲರಿಂದಲೂ ಚಪ್ಪಾಳೆ ಹೊಡೆಸಿದ. "ನೋಡಿ, ಸಂಜೆ ಶಾಲೆಗೆ ಹೋದರೆ ಹೀಗೆ ತಲೆ ಓಡುತ್ತೆ" ಅಂದ. ನನ್ನ ಮುಖ ಬಿಸಿಯಾಯಿತು. ಖುಷಿಗೆ. ಮನೆಗೆ ಹೋಗಿ ಅದನ್ನೇ ಎರಡು ಸಲ ಹೇಳಿಕೊಂಡೆ.

ಆ ಚೀಲ ಏತಕ್ಕೆ ಎಂದು ನಿನಗೆ ಗೊತ್ತಿರಲಿಲ್ಲವೇ? ಈ ಪ್ರಶ್ನೆಯನ್ನು ನನಗೆ ನಾನೇ ಎಷ್ಟು ಸಲ ಕೇಳಿಕೊಂಡಿದ್ದೇನೋ. ಕಾಗದದ ಮೇಲೆ ಸಾಗಾಟದ ಚೀಲ ಎಂದಿತ್ತು. ಆದರೆ ಅದು ಆಳುದ್ದ ಇತ್ತು. ತಲೆಯ ಕಡೆ ಚೀಟಿ ಇಡಲು ಒಂದು ಪಾರದರ್ಶಕ ಕಿಸೆ ಇತ್ತು. ಒಳಗಿನಿಂದ ಹೊರಕ್ಕೆ ಒಂದು ಹನಿಯೂ ಸೋರಬಾರದು, ಹೊರಗಿನಿಂದ ಒಳಕ್ಕೆ ಇಳಿದರೆ ಪರವಾಗಿಲ್ಲ ಎಂದು ಬರೆದಿತ್ತು. ಇಷ್ಟನ್ನು ಓದಿದ ಮೇಲೂ ಗೊತ್ತಿರಲಿಲ್ಲ ಎಂದರೆ ಸುಳ್ಳು. ಗೊತ್ತುಮಾಡಿಕೊಳ್ಳಲಿಲ್ಲ ಎನ್ನುವುದು ಸರಿ.

ನಮ್ಮದು ತಗಡಿನ ಶೆಡ್ಡು. ಇಪ್ಪತ್ತೆರಡು ಹೊಲಿಗೆ ಯಂತ್ರ. ಮೊದಲು ನಾವು ಶಾಲೆಯ ಚೀಲ ಹೊಲಿಯುತ್ತಿದ್ದೆವು. ಆ ಬಟ್ಟೆ ಹಗುರ. ಈ ಬಟ್ಟೆ ಹಾಗಲ್ಲ. ಎರಡು ಪದರ ಸೇರಿಸಿ ಯಂತ್ರಕ್ಕೆ ಕೊಡುವಾಗ ಹಿಂದಿನಿಂದ ಭುಜದಲ್ಲಿ ತಳ್ಳಬೇಕು. ಬೇಸಿಗೆಯಲ್ಲಿ ತೊಡೆಗೆ ಅಂಟುತ್ತದೆ, ಎಳೆದರೆ ಚರ್ಮ ಕಿತ್ತು ಬಂದಂತಾಗುತ್ತದೆ. ಸೂಜಿ ಪಟ್ಟನೆ ಮುರಿಯುತ್ತದೆ. ಮುರಿದ ತುದಿ ಎಲ್ಲಿಗೆ ಹಾರುತ್ತದೋ ಗೊತ್ತಿಲ್ಲ. ಹೊಲಿದ ಜಾಗದ ಮೇಲೆ ಬಿಸಿಪಟ್ಟಿ ಒತ್ತಿ ಅಂಟಿಸುವಾಗ ಏಳುವ ಹೊಗೆಗೆ ಮೂಗು ಉರಿಯುತ್ತದೆ. ಸಂಜೆ ಹೊತ್ತಿಗೆ ಅರ್ಧ ಶೆಡ್ಡಿಗೆ ತಲೆನೋವು. ಮಾತ್ರೆ ಕೇಳಿದರೆ ಮಾಸ್ಟರ್, "ಕಿಟಕಿ ಕಡೆ ಮುಖ ಮಾಡ್ಕೊಂಡು ಉಸಿರಾಡಿ" ಅನ್ನುತ್ತಿದ್ದ. ಕಿಟಕಿಯ ಹತ್ತಿರ ಅವನ ಕುರ್ಚಿ ಇತ್ತು.

ನನ್ನ ಕೆಲಸ ನೋಡುವುದು. ಸರಿಯಿದ್ದರೆ ಹಸಿರು ಸೀಲು. ತಪ್ಪಿದ್ದರೆ ಕೆಂಪು ಚೀಟಿ. ಕೆಂಪು ಚೀಟಿ ಬಿದ್ದರೆ ಹೊಲಿದವಳೇ ಬಿಚ್ಚಬೇಕು. ಬಿಚ್ಚುವ ಹೊತ್ತಿಗೆ ಕೂಲಿ ಇಲ್ಲ. ಬಿಚ್ಚಿ ಮುಗಿಯುವ ತನಕ ಅವಳ ಯಂತ್ರಕ್ಕೆ ಹೊಸ ಮಾಲು ಇಲ್ಲ. ಈ ನಿಯಮವನ್ನು ಮ್ಯಾನೇಜರೇ ದಪ್ಪ ಅಕ್ಷರದಲ್ಲಿ ಬರೆಸಿ ಗೋಡೆಗೆ ಅಂಟಿಸಿದ್ದ. ಹೆಂಗಸರು ಊಟದ ಹೊತ್ತಿನಲ್ಲಿ ಗೋಡೆಗೆ ಒರಗಿ, ಬ್ಲೇಡು ಹಿಡಿದು, ತಮ್ಮದೇ ಹೊಲಿಗೆಯನ್ನು ಒಂದೊಂದಾಗಿ ಕತ್ತರಿಸುತ್ತ ನನ್ನ ಕಡೆ ನೋಡುತ್ತಿದ್ದರು. ನನಗೆ ಅವರು ಇಟ್ಟ ಹೆಸರು ಟೀಚರಮ್ಮ. ಪ್ರೀತಿಯಿಂದ ಇಟ್ಟದ್ದಲ್ಲ.

ಏಳನೇ ಯಂತ್ರದಲ್ಲಿ ಕೂರುತ್ತಿದ್ದವಳು ನನ್ನ ಅತ್ತಿಗೆ. ಅವಳಿಗೂ ಕೆಂಪು ಚೀಟಿ ಕೊಟ್ಟಿದ್ದೇನೆ. ಕೊಟ್ಟ ದಿನ ಮನೆಯಲ್ಲಿ ನನ್ನ ತಟ್ಟೆಯನ್ನು ಸದ್ದಾಗುವಂತೆ ಇಡುತ್ತಿದ್ದಳು.

ಮನೆ ಎಂದರೆ ಎರಡು ಕೋಣೆ. ಅಣ್ಣ, ಅತ್ತಿಗೆ, ಅವರ ಮಗಳು ಪುಟ್ಟಿ, ನಾನು. ಅಣ್ಣ ಅದೇ ಯಜಮಾನನ ಇನ್ನೊಂದು ಕಾರ್ಖಾನೆಯಲ್ಲಿ ಲೇತ್ ನಡೆಸುತ್ತಿದ್ದ. ನಮ್ಮ ಶೆಡ್ಡಿಗೂ ಅವರ ಶೆಡ್ಡಿಗೂ ನಡುವೆ ಒಂದು ಗೋಡೆ. ಅಲ್ಲಿ ತೋಪಿನ ಗುಂಡಿನ ಉಕ್ಕಿನ ಮೈ ಕೊರೆಯುತ್ತಿದ್ದರು. ಅಣ್ಣ ಅದನ್ನು ಗುಂಡು ಎನ್ನುತ್ತಿರಲಿಲ್ಲ. ಪೀಸು ಎನ್ನುತ್ತಿದ್ದ. "ಇವತ್ತು ಪೀಸು ಚೆನ್ನಾಗಿ ಓಡಿತು" ಅನ್ನುತ್ತಿದ್ದ. ಸಂಜೆ ಅವನು ಬಾಗಿಲ ಬಳಿ ಬೆಳಕಿಗೆ ಅಂಗೈ ಚಾಚಿ ಕೂರುತ್ತಿದ್ದ. ಅತ್ತಿಗೆ ಸೂಜಿಯಿಂದ ಅವನ ಬೆರಳಿಗೆ ಹೊಕ್ಕ ಉಕ್ಕಿನ ಚೂರುಗಳನ್ನು ಕಿತ್ತು ತೆಗೆಯುತ್ತಿದ್ದಳು. ಅವಳ ಬೆರಳ ತುದಿಯಲ್ಲೂ ಸೂಜಿ ಚುಚ್ಚಿದ ಕಪ್ಪು ಚುಕ್ಕಿಗಳು. ಇಬ್ಬರ ಕೈ ಒಟ್ಟಿಗೆ ನೋಡಿದರೆ ಯಾರದು ಯಾವುದು ಎಂದು ಗೊತ್ತಾಗುತ್ತಿರಲಿಲ್ಲ.

ಒಂದು ಭಾನುವಾರ ಬಟ್ಟೆ ಒಗೆಯುವಾಗ ಅಣ್ಣನ ಅಂಗಿಯ ಜೇಬಿನಲ್ಲಿ ಅವನ ಕೆಲಸದ ಕಾರ್ಡು ಸಿಕ್ಕಿತು. ಒದ್ದೆಯಾಗಬಾರದೆಂದು ತೆಗೆದಿಟ್ಟೆ. ಮೇಲೆ ಆರ್ಡರಿನ ನಂಬರು ಇತ್ತು. ಏಳು ನಾಲ್ಕು ಸೊನ್ನೆ ಎರಡು. ನಾನು ದಿನಕ್ಕೆ ನೂರು ಸಲ ಬರೆಯುವ ನಂಬರು ಅದು. ನಮ್ಮ ಚೀಲದ್ದು.

"ಅಣ್ಣಾ, ನಿಮ್ಮ ಆರ್ಡರು ನಮ್ಮ ಆರ್ಡರು ಒಂದೇ ನಂಬರು."

"ಇರಲಿ ಬಿಡು. ಯಜಮಾನ ಒಬ್ಬನೇ ಅಲ್ವಾ."

"ಕೊಳ್ಳೋನೂ ಒಬ್ಬನೇ. ಒಂದೇ ಕಾಗದದಲ್ಲಿ ನಿಂದನ್ನೂ ಕೇಳಿದಾನೆ, ನಮ್ಮದನ್ನೂ ಕೇಳಿದಾನೆ."

ಅತ್ತಿಗೆ ಹಗ್ಗಕ್ಕೆ ಬಟ್ಟೆ ಹಾಕುತ್ತಿದ್ದವಳು ತಿರುಗಿ ನೋಡಿದಳು. "ಸೆಟ್ಟು ಕಣೇ ಅದು. ಕಪ್ಪೂ ಸಾಸರೂ ಇದ್ದ ಹಾಗೆ."

ಅಣ್ಣ ನಕ್ಕ. ನಾನೂ ನಕ್ಕೆ. ನಕ್ಕಿದ್ದು ನೆನಪಿದೆ.

ಇನ್ನೊಂದು ವಿಷಯವನ್ನೂ ಬರೆಯಬೇಕು. ಬರೆಯಲೋ ಬೇಡವೋ ಎಂದು ಮೂರು ಸಲ ಕಾಗದ ಹರಿದಿದ್ದೇನೆ. ಒಂದು ವಾರ ನಮಗೆ ಹೆಚ್ಚಿನ ಪಾಳಿ ನಿಂತಿತು. ಯಂತ್ರಗಳು ಮಧ್ಯಾಹ್ನಕ್ಕೇ ಬಂದ್. ಯಾಕೆ ಎಂದರೆ, ಎಲ್ಲೋ ಎರಡು ದೇಶದವರು ಸಂಧಾನಕ್ಕೆ ಕೂತಿದ್ದಾರಂತೆ, ಗುಂಡು ಹಾರಿಸುವುದು ನಿಲ್ಲಬಹುದಂತೆ ಎಂದು ಮಾಸ್ಟರ್ ಹೇಳಿದ. ಶೆಡ್ಡಿನ ತುಂಬ ಗೊಣಗಾಟ. "ಹಾಳಾದ ಸಂಧಾನ, ಈಗಲೇ ಆಗಬೇಕಿತ್ತಾ" ಅಂದಳು ಮೂರನೇ ಯಂತ್ರದವಳು. "ಕೂತವರ ಕಾಲು ಜೋಮು ಹಿಡೀಲಿ" ಅಂದಳು ಇನ್ನೊಬ್ಬಳು. ನಾನು ಬಾಯಿಬಿಟ್ಟು ಏನೂ ಅನ್ನಲಿಲ್ಲ. ಆದರೆ ಸಂಜೆ ವಾಚನಾಲಯಕ್ಕೆ ಹೋಗಿ ಪೇಪರು ತಿರುವಿದೆ. ಸಂಧಾನ ಮುರಿದಿದೆ ಎಂದು ಕಂಡಾಗ ನನ್ನ ಎದೆ ಹಗುರಾಯಿತು. ನಿಜವಾಗಿ ಹಗುರಾಯಿತು. ಪೇಪರನ್ನು ಮಡಚಿ ಇಟ್ಟ ಮೇಲೆ ನಾನು ಏನು ಮಾಡಿದೆ ಎಂದು ನನಗೇ ಹೊಳೆಯಿತು. ಯಾರಾದರೂ ನೋಡಿದರೇ ಎಂದು ಸುತ್ತ ನೋಡಿದೆ.

ಮಾರನೇ ದಿನ ಮ್ಯಾನೇಜರ್ ಮೈಕ್ ಹಿಡಿದ. "ಇನ್ನು ಐದು ವರ್ಷ ನಮಗೆ ಕೆಲಸಕ್ಕೆ ಬರ ಇಲ್ಲ. ಯಾವ ದೇಶ ನೋಡಿದರೂ ಕೊಳ್ತಾ ಇದೆ. ಆ ಕಡೆಯವರೂ ನಮ್ಮ ಗಿರಾಕಿ, ಈ ಕಡೆಯವರೂ ನಮ್ಮ ಗಿರಾಕಿ. ಯಾರು ಗೆದ್ದರೂ ನಾವೇ ಗೆದ್ದ ಹಾಗೆ." ಹೆಂಗಸರು ಚಪ್ಪಾಳೆ ತಟ್ಟಿದರು. ಗೋಡೆಯಾಚೆಯಿಂದಲೂ ಚಪ್ಪಾಳೆ ಕೇಳಿಸಿತು.

ಆಮೇಲೆ ಫೋಟೋದವನು ಬಂದ. ಮಾರಾಟದ ಪುಸ್ತಕಕ್ಕೆ ಚಿತ್ರ ಬೇಕಂತೆ. ಖಾಲಿ ಚೀಲ ಚಪ್ಪಟೆಯಾಗಿ ಕಾಣುತ್ತದೆ, ಒಳಗೆ ಏನಾದರೂ ಇರಬೇಕು ಅಂದ. ಮರಳಿನ ಮೂಟೆ ಹಾಕಿದರೆ ಗಂಟುಗಂಟಾಗಿ ಕಂಡಿತು. ಮಾಸ್ಟರ್ ಶೆಡ್ಡಿನ ಮೇಲೆ ಕಣ್ಣಾಡಿಸಿ, "ಗುಬ್ಬೀ, ಬಾ ಇಲ್ಲಿ" ಅಂದ.

ಗುಬ್ಬಿ ಎಂದರೆ ದಾರದ ತುದಿ ಕತ್ತರಿಸುವವಳು. ಕುಳ್ಳಿ, ಸಣಕಲಿ, ಬಾಯಿಗೆ ಬೀಗ ಇಲ್ಲದವಳು. ಮಾಸ್ಟರನ ನಡಿಗೆಯನ್ನು ಅವನ ಬೆನ್ನ ಹಿಂದೆಯೇ ಮಾಡಿ ತೋರಿಸುತ್ತಿದ್ದವಳು. "ನಾನ್ಯಾಕೆ ಸಾರ್, ನನಗಿನ್ನೂ ಟೈಮ್ ಇದೆ" ಅಂದಳು. ಎಲ್ಲರೂ ನಕ್ಕರು. ಅವಳೂ ನಗುತ್ತಲೇ ಚಪ್ಪಲಿ ಬಿಟ್ಟು ಒಳಗೆ ಮಲಗಿದಳು. ಮಾಸ್ಟರ್ ಜಿಪ್ಪನ್ನು ತಲೆಯವರೆಗೂ ಎಳೆದ.

ಫೋಟೋದವನು ದೀಪ ಸರಿಸಿದ. ಇನ್ನೊಂದು ದೀಪ ಸರಿಸಿದ. ಕ್ಯಾಮೆರಾದೊಳಗೆ ನೋಡಿ ಮುಖ ಸಿಂಡರಿಸಿದ. "ಹೊಟ್ಟೆ ಏಳ್ತಾ ಇದೆ. ಉಸಿರಾಡಬೇಡ ಅಂತ ಹೇಳಿ."

"ಲೇ ಗುಬ್ಬಿ, ಉಸಿರಾಡಬೇಡ್ವೇ" ಎಂದು ಮಾಸ್ಟರ್ ಚೀಲವನ್ನು ಬೂಟಿನ ತುದಿಯಿಂದ ತಟ್ಟಿದ.

ಚೀಲದ ಹೊಟ್ಟೆ ನಿಂತಿತು. ಶೆಡ್ಡಿನಲ್ಲಿ ಯಾರೂ ನಗಲಿಲ್ಲ. ದೀಪ ಮಿಂಚಿತು. ಮತ್ತೆ ಮಿಂಚಿತು. ಚೀಲದ ಹೊಟ್ಟೆ ಒಮ್ಮೆಲೆ ಎದ್ದು ಕುಸಿಯಿತು. "ಇನ್ನೊಂದೇ ಇನ್ನೊಂದೇ" ಅಂದ ಅವನು. ಐದು ಸಲ ಹಾಗೆ ಮಾಡಿಸಿದ. ಜಿಪ್ ತೆಗೆದಾಗ ಗುಬ್ಬಿಯ ಕೂದಲು ಬೆವರಿಗೆ ಹಣೆಗಂಟಿತ್ತು. ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದೆವು, ಏನಾದರೂ ಹೇಳುತ್ತಾಳೆ, ನಗಬಹುದು ಎಂದು. ಅವಳು ಚಪ್ಪಲಿ ಹುಡುಕಿದಳು. ಎಡದ್ದು ಬಲದ್ದು ಅದಲುಬದಲು ಹಾಕಿಕೊಂಡು ತನ್ನ ಜಾಗಕ್ಕೆ ಹೋದಳು. ಅವತ್ತಿನಿಂದ ಮಾಸ್ಟರ್ ಬೆನ್ನು ತಿರುಗಿಸಿದರೂ ಅವಳು ಅವನ ನಡಿಗೆ ಮಾಡಲಿಲ್ಲ.

ನಾನು ಅವತ್ತೇ ಏನಾದರೂ ಅನ್ನಬೇಕಿತ್ತು. ಅನ್ನಲಿಲ್ಲ. ಚೀಲವನ್ನು ಒಳಗಡೆಯಿಂದ ಒರೆಸಿ ಹಸಿರು ಸೀಲು ಹೊಡೆದೆ.

ಇಷ್ಟು ದಿನ ಎರಡೇ ಅಳತೆ ಇದ್ದವು. ದೊಡ್ಡದು, ಮಧ್ಯಮ. ಅದರ ಮುಂದಿನ ತಿಂಗಳು ಮೂರನೆಯದು ಬಂತು. ಮಾಸ್ಟರ್ ಹೊಸ ಚಾರ್ಟು ತಂದು ನನ್ನ ಟೇಬಲ್ಲಿನ ಮೇಲೆ ಇಟ್ಟ. ಉದ್ದ ನೂರ ಇಪ್ಪತ್ತು ಸೆಂಟಿಮೀಟರು. ಹಿಡಿ ಎರಡು. ಪರೀಕ್ಷೆಯ ಭಾರ ಇಪ್ಪತ್ತು ಕೆಜಿ.

"ಇದು ಯಾವುದರದು ಮಾಸ್ಟರ್?"

"ಮೂರನೇ ಅಳತೆದು."

"ಎರಡೇ ಹಿಡಿ ಸಾಕಾ?"

"ಒಬ್ಬರೇ ಎತ್ತಬಹುದಲ್ಲ."

ಭಾರ ಹೊರುವ ಪರೀಕ್ಷೆ ಹೀಗೆ: ಚಾರ್ಟಿನಲ್ಲಿ ಹೇಳಿದಷ್ಟು ಮರಳು ತುಂಬಬೇಕು, ಎತ್ತಬೇಕು, ನೂರು ಎಣಿಸುವ ತನಕ ಹಿಡಿದು ನಿಲ್ಲಬೇಕು. ದೊಡ್ಡದಕ್ಕೆ ಆರು ಜನ. ಇದಕ್ಕೆ ಒಬ್ಬರು. ಬೇರೆ ಯಾರನ್ನೂ ಕರೆಯುವುದು ಬೇಡವೆಂದು ನಾನೇ ಎತ್ತಿದೆ. ಹಿಡಿ ಎರಡೂ ಒಂದೇ ಕಡೆ ಜಾರಿದವು. ಕೆಳಗೆ ಬೀಳಬಾರದೆಂದು ಎಡಗೈಯನ್ನು ಅಡಿಗೆ ಕೊಟ್ಟು ಎದೆಗೆ ಆನಿಸಿಕೊಂಡೆ. ಎಣಿಸಲು ಶುರುಮಾಡಿದೆ. ಹತ್ತು, ಹನ್ನೊಂದು. ಮರಳು ಜರುಗಿ ಒಂದು ತುದಿ ನನ್ನ ಭುಜದ ಮೇಲೆ ಬಿತ್ತು.

ನನ್ನ ತೋಳಿಗೆ ಆ ಭಾರ ಗೊತ್ತಿತ್ತು. ಪುಟ್ಟಿ ನಿದ್ದೆಹೋದಾಗ ಬಸ್ಸಿನಿಂದ ಇಳಿಸಿ ಮನೆತನಕ ಹೊತ್ತು ತರುವವಳು ನಾನೇ. ತಲೆ ಹೀಗೆಯೇ ಭುಜಕ್ಕೆ ಬೀಳುತ್ತದೆ.

ನೂರರವರೆಗೂ ಎಣಿಸಿದೆ. ಯಾಕೆ ಎಣಿಸಿದೆನೋ ಗೊತ್ತಿಲ್ಲ. ಇಳಿಸಿದೆ. ಚಾರ್ಟಿನಲ್ಲಿ ಭಾರ ಸರಿಯಾಗಿದೆ ಎಂದು ಬರೆದೆ.

ಊಟದ ಹೊತ್ತಿನಲ್ಲಿ ಅತ್ತಿಗೆಯನ್ನು ನೀರಿನ ಡ್ರಮ್ಮಿನ ಹಿಂದೆ ಕರೆದೆ. ಹೇಳಿದೆ. ಅವಳು ತಿನ್ನುತ್ತಿದ್ದದ್ದನ್ನು ನಿಲ್ಲಿಸಲಿಲ್ಲ.

"ನಾನು ಹೊಲಿಯೋದು ಚೀಲ. ಒಳಗೆ ಏನು ಹಾಕ್ತಾರೋ ಅವರ ಹಣೆಬರಹ."

"ಅತ್ತಿಗೆ, ಗೋಡೆಯಾಚೆ ಅಣ್ಣ..."

"ಅವನ ಸುದ್ದಿ ಎತ್ತಬೇಡ."

"ನಾನು ಇದಕ್ಕೆ ಸೀಲು ಹೊಡೆಯಲಾರೆ."

"ಹೊಡೀಬೇಡ. ಕೆಂಪು ಚೀಟಿ ಹಾಕು. ಆಮೇಲೆ ಬಿಚ್ಚೋರು ಯಾರು? ನೀನಾ?" ಅತ್ತಿಗೆ ಕೈತೊಳೆದ ನೀರನ್ನು ನನ್ನ ಕಾಲ ಹತ್ತಿರ ಚೆಲ್ಲಿದಳು. "ನಿನಗೆ ಪಾಪ ಹತ್ತಬಾರದು, ನಮ್ಮ ಬೆರಳು ಕಿತ್ತುಹೋಗಬೇಕು. ಒಳ್ಳೆ ನ್ಯಾಯ ಟೀಚರಮ್ಮ."

ಅವಳು ನನ್ನನ್ನು ಟೀಚರಮ್ಮ ಎಂದು ಕರೆದದ್ದು ಅದೇ ಮೊದಲು. ಅವಳ ಮಾತಿಗೆ ಉತ್ತರ ಈಗಲೂ ಪೂರ್ತಿ ಹೊಳೆದಿಲ್ಲ. ನಾನು ಬೇಡ ಎಂದರೆ ಅದರ ಬೆಲೆ ತೆರುವವರು ಇಪ್ಪತ್ತೆರಡು ಹೆಂಗಸರು. ಯಜಮಾನನಿಗೆ ಒಂದು ದಾರ ಕಿತ್ತುಹೋಗುವುದಿಲ್ಲ. ಒಳ್ಳೆಯವಳಾಗುವ ಚಟಕ್ಕೆ ಬೇರೆಯವರ ಬೆರಳು ಕೊಯ್ಯಲೇ? ಆ ವಾರ ಪೂರ್ತಿ ಹೀಗೆಯೇ ಯೋಚಿಸಿದೆ. ಯೋಚಿಸುತ್ತಿರುವಾಗಲೇ ಮುನ್ನೂರು ಚೀಲ ಹೊಲಿದು ನನ್ನ ಟೇಬಲ್ಲಿಗೆ ಬಂದು ಬಿದ್ದವು.

ಬೆಳಿಗ್ಗೆ ಹನ್ನೊಂದಕ್ಕೆ ಕೊಳ್ಳುವವರ ಕಡೆಯಿಂದ ನೋಡಲು ಬರುತ್ತಾರೆ, ಅಷ್ಟರೊಳಗೆ ಎಲ್ಲಕ್ಕೂ ಸೀಲು ಬೀಳಬೇಕು ಎಂದು ಮ್ಯಾನೇಜರ್ ಹೇಳಿದ. ನಾನು ಒಂಬತ್ತಕ್ಕೆ ನಿಂತೆ. ಹೊಲಿಗೆ ನೋಡಿದೆ, ಜಿಪ್ ಎಳೆದೆ, ಹೊಡೆದೆ. ನಲವತ್ತೊಂದು ಚೀಲಕ್ಕೆ ಹಸಿರು ಸೀಲು ಹೊಡೆದೆ. ಕಡಿಮೆ ಹೇಳಬಹುದಿತ್ತು. ನಲವತ್ತೊಂದು.

ಆಗ ಆಫೀಸಿನಿಂದ ಒಂದು ಕಟ್ಟು ಬಂತು. ಪಾರದರ್ಶಕ ಕಿಸೆಯಲ್ಲಿ ಇಡಬೇಕಾದ ಅಚ್ಚು ಚೀಟಿಗಳು. ದೊಡ್ಡ ಚೀಲದ ಚೀಟಿ ನನಗೆ ಗೊತ್ತಿತ್ತು: ಹೆಸರು, ದಳ, ಸಂಖ್ಯೆ. ಇದರಲ್ಲಿ ಹೆಸರಿಗೆ ಜಾಗವಿರಲಿಲ್ಲ. ದಳ, ಸಂಖ್ಯೆ ಇರಲಿಲ್ಲ. ಒಂದೇ ಸಾಲು ಇತ್ತು.

ವಯಸ್ಸು, ಅಂದಾಜು.

ಅಂದಾಜು ಎಂಬುದನ್ನು ನಾನು ಎರಡು ಸಲ ಓದಿದೆ. ವಯಸ್ಸನ್ನು ಅಂದಾಜು ಮಾಡುವುದು, ಅದನ್ನು ಹೇಳುವವರು ಯಾರೂ ಉಳಿಯದಿದ್ದಾಗ. ಇದು ಅಚ್ಚು ಹಾಕಿಸುವ ಹೊತ್ತಿಗೇ ಅವರಿಗೆ ಗೊತ್ತಿದೆ. ಆಫೀಸಿನಲ್ಲಿ ಕೂತು, ಚಹಾ ಕುಡಿಯುತ್ತ, ಹೆಸರಿನ ಸಾಲು ಬೇಡ, ಖರ್ಚು ಉಳಿಯುತ್ತೆ ಎಂದು ಯಾರೋ ಹೊಡೆದುಹಾಕಿದ್ದಾರೆ.

ಸೀಲನ್ನು ಕೆಳಗಿಟ್ಟೆ. ಇಡೀ ಲಾಟು ತಳ್ಳಿಹಾಕಲು ಒಂದು ದೊಡ್ಡ ಕೆಂಪು ಫಾರಮ್ಮು ಇದೆ. ಅಷ್ಟು ವರ್ಷದಲ್ಲಿ ನಾನು ಅದನ್ನು ಒಮ್ಮೆಯೂ ಬಳಸಿರಲಿಲ್ಲ. ತುಂಬಿದೆ. ಚೀಲ ಮುನ್ನೂರು. ತಳ್ಳಿದ್ದು ಮುನ್ನೂರು. ಕಾರಣ ಎಂಬ ಜಾಗದಲ್ಲಿ ಪೆನ್ನು ನಿಂತಿತು. ಕಾರಣಗಳ ಪಟ್ಟಿ ಇರುತ್ತದೆ: ತೂತು, ಹೊಲಿಗೆ ಬಿಟ್ಟಿದೆ, ಜಿಪ್ ಕೆಟ್ಟಿದೆ, ಅಳತೆ ತಪ್ಪಿದೆ. ನಾನು ಅಳತೆ ತಪ್ಪಿದೆ ಎಂಬುದಕ್ಕೆ ಗುರುತು ಹಾಕಿದೆ. ಪಕ್ಕದಲ್ಲಿ ಬರೆದೆ: ಈ ಅಳತೆಯ ಚೀಲ ಇರಬಾರದು.

ಮ್ಯಾನೇಜರ್ ಫಾರಮ್ಮು ಓದಿದ. ಬಾಗಿಲ ಕಡೆ ನೋಡಿದ. ಹಲ್ಲು ಕಚ್ಚಿಕೊಂಡೇ ಮಾತಾಡಿದ.

"ಏನಿದು?"

"ಲಾಟು ರಿಜೆಕ್ಟ್ ಸಾರ್."

"ಅಳತೆ ಚಾರ್ಟಿಗೆ ಸರಿಯಾಗಿದೆ ತಾನೇ?"

"ಚಾರ್ಟಿಗೆ ಸರಿಯಾಗಿದೆ. ಚಾರ್ಟೇ ತಪ್ಪು."

"ತಲೆ ಕೆಟ್ಟಿದೆಯಾ? ಯಾರ ಅನ್ನ ತಿಂತಾ ಇದ್ದೀಯ ಗೊತ್ತಾ?"

ಧೈರ್ಯ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬೀಳದಂತೆ ಟೇಬಲ್ಲಿನ ಅಂಚು ಹಿಡಿದುಕೊಂಡಿದ್ದೆ. "ಗೊತ್ತು ಸಾರ್. ಅದಕ್ಕೇ" ಅಂದೆ.

ಅಷ್ಟರಲ್ಲಿ ನೋಡುವವರು ಒಳಗೆ ಬಂದರು. ಇಬ್ಬರು. ಒಬ್ಬರು ವಯಸ್ಸಾದವರು, ಕನ್ನಡಕ, ತಗ್ಗಿದ ದನಿ. ಮ್ಯಾನೇಜರ್ ಫಾರಮ್ಮನ್ನು ಬೆನ್ನ ಹಿಂದೆ ಹಿಡಿದ. ಆದರೆ ಅದಕ್ಕೊಂದು ಕಾರ್ಬನ್ ಪ್ರತಿ ಟೇಬಲ್ಲಿನ ಮೇಲೆ ಇತ್ತು. ಹಿರಿಯರು ಅದನ್ನು ಎತ್ತಿ ನೋಡಿ, ಪಕ್ಕದವನಿಂದ ಓದಿಸಿಕೊಂಡರು. ಸಿಟ್ಟಾಗಲಿಲ್ಲ.

"ನಮಗೂ ಬೇಸರವೇ ಕಣಮ್ಮ" ಅಂದರು. "ಇಂಥದ್ದನ್ನ ಯಾರಾದರೂ ಖುಷಿಯಿಂದ ಕೊಳ್ತಾರಾ? ಆದರೆ ಮರ್ಯಾದೆಯಾಗಿ ಕಳಿಸಿಕೊಡಬೇಕಲ್ಲ. ಅದಕ್ಕೇ ಒಳ್ಳೆ ಮಾಲು ಕೇಳೋದು."

ಮಾತು ಎಷ್ಟು ಮೆತ್ತಗಿತ್ತು ಎಂದರೆ ಒಂದು ಕ್ಷಣ ನಾನೇ ತಪ್ಪೇನೋ ಅನಿಸಿತು. ಆಗ ಗೋಡೆಯಾಚೆ ಲೇತ್ ಕಿರುಚಿತು.

"ಆ ಕಡೆ ಕೊಂಡುಕೊಳ್ಳುವಾಗಲೂ ಬೇಸರ ಆಗುತ್ತಾ ಸಾರ್?" ಅಂದೆ. "ಎರಡಕ್ಕೂ ನಿಮ್ಮದು ಒಂದೇ ಆರ್ಡರು."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಮ್ಯಾನೇಜರ್ ನನ್ನ ಸೀಲನ್ನು ಕಸಿದುಕೊಂಡ. "ನಾನೇ ಹೊಡೀತೀನಿ. ನೀನು ಹೊರಗೆ ನಡಿ." ಒಂದು ಚೀಲ ಎಳೆದು ಫಟ್ಟನೆ ಹೊಡೆದ.

"ಸಾರ್."

ಏಳನೇ ಯಂತ್ರ ನಿಂತಿತ್ತು. ಅತ್ತಿಗೆ ಎದ್ದು ಬರುತ್ತಿದ್ದಳು. ನನಗೆ ಬೈಯಲು ಬರುತ್ತಿದ್ದಾಳೆ ಎಂದುಕೊಂಡೆ. ಬೈದಳು ಕೂಡ. "ಓದಿದ ಕೊಬ್ಬು ನಿನಗೆ" ಅಂದಳು ನನ್ನನ್ನು ದಾಟುವಾಗ. ಆಮೇಲೆ ಮ್ಯಾನೇಜರ್ ಕಡೆ ತಿರುಗಿದಳು.

"ಕೆಂಪು ಬಿದ್ದ ಮೇಲೆ ಬಿಚ್ಚಬೇಕು ಅಂತ ನೀವೇ ಗೋಡೆಗೆ ಅಂಟಿಸಿದೀರಲ್ಲ ಸಾರ್. ನನ್ನ ಹೆರಿಗೆ ಆದ ವಾರವೂ ಬಿಚ್ಚಿಸಿದೀರಿ. ಜ್ವರದಲ್ಲೂ ಬಿಚ್ಚಿಸಿದೀರಿ. ಈಗ ಬೇಡ ಅಂದರೆ ಹೇಗೆ?"

ಅವಳು ಟೇಬಲ್ಲಿನಿಂದ ಒಂದು ಚೀಲ ಎಳೆದುಕೊಂಡಳು. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಳು. ಬ್ಲೇಡು ಹೊಲಿಗೆಗೆ ಹಾಕಿದಳು. ಕರ್ ಎಂದು ದಾರ ಬಿಟ್ಟಿತು.

"ಹೊಲಿಯುವಾಗಲೇ ಗೊತ್ತಿತ್ತು ಕಣೇ ನನಗೆ" ಅಂದಳು, ತಲೆ ಎತ್ತದೆ. "ನೀನೊಬ್ಬಳೇ ಅಲ್ಲ ಬುದ್ಧಿವಂತೆ."

ಗುಬ್ಬಿ ಬಂದಳು. ದಾರ ಕತ್ತರಿಸುವ ಪುಟ್ಟ ಕತ್ತರಿ ಅವಳ ಬೆರಳಲ್ಲೇ ಇತ್ತು. ಅವಳು ಹೊಲಿಗೆ ಬಿಚ್ಚಲಿಲ್ಲ. ಜಿಪ್ಪನ್ನೇ ಹಿಡಿದು, ಅಂಚಿನಿಂದ ಅಂಚಿಗೆ ಕತ್ತರಿಸಿದಳು. ಮುಚ್ಚಲು ಬರದ ಹಾಗೆ. ಹನ್ನೆರಡನೇ ಯಂತ್ರದವಳು ಬಂದಳು. ಇನ್ನೊಬ್ಬಳು. ಎಲ್ಲರೂ ಬಂದರು ಎಂದು ಬರೆಯಲು ಆಸೆ. ಬರಲಿಲ್ಲ. ಹತ್ತು ಜನ ಬಂದರು. ಹನ್ನೆರಡು ಜನ ಯಂತ್ರ ಬಿಟ್ಟು ಏಳಲಿಲ್ಲ. ಮೂರನೇ ಯಂತ್ರದವಳು ಓಡಿಬಂದು ಚೀಲಗಳ ಮೇಲೆ ಅಡ್ಡ ಬಿದ್ದಳು. "ನನ್ನ ಹೊಟ್ಟೆ ಮೇಲೆ ಹೊಡೀಬೇಡ್ರೇ, ನನ್ನ ಗಂಡ ಹಾಸಿಗೆ ಹಿಡಿದಿದಾನೆ" ಎಂದು ಅತ್ತಳು. ಅವಳ ಅಡಿಯಿಂದ ಚೀಲ ಎಳೆಯಲು ಯಾರಿಗೂ ಕೈಬರಲಿಲ್ಲ. ಅವಳು ಕಾಪಾಡಿದಷ್ಟು ಚೀಲ ಉಳಿದವು. ನನ್ನ ಹಸಿರು ಸೀಲು ಬಿದ್ದವೂ ಅದರಲ್ಲಿದ್ದವು.

ಕಾವಲಿನವರು ನಮ್ಮನ್ನು ತೋಳು ಹಿಡಿದು ಹೊರಗೆ ಹಾಕಿದರು. ಹನ್ನೊಂದು ಜನ. ಚಪ್ಪಲಿ ಹಾಕಿಕೊಳ್ಳಲೂ ಬಿಡಲಿಲ್ಲ. ಚಪ್ಪಲಿಗಳನ್ನು ಆಮೇಲೆ ಗೇಟಿನ ಮೇಲಿಂದ ಎಸೆದರು.

ಕಮ್ಮಿಬಿದ್ದಷ್ಟನ್ನು ಬೇರೆ ಶೆಡ್ಡಿನಲ್ಲಿ ಹೊಲಿಸಿ ಒಂಬತ್ತು ದಿನದಲ್ಲಿ ಮುನ್ನೂರನ್ನೂ ಕಳಿಸಿದರು. ಅಣ್ಣನೇ ಬಂದು ಹೇಳಿದ. ನಮ್ಮಿಬ್ಬರಿಗೂ ಮುಖ ಕೊಡದೆ, ಗೋಡೆಗೆ ಹೇಳುವಂತೆ ಹೇಳಿದ. "ಏನು ಸಾಧಿಸಿದಿರಿ? ಲಾರಿ ಹೋಯ್ತು. ನಿನ್ನ ಹೆಂಡತಿ, ನಿನ್ನ ತಂಗಿ ಅಂತ ನನ್ನನ್ನ ಆಫೀಸಿಗೆ ಕರೆದು ನಿಲ್ಲಿಸಿದರು. ಇನ್ನೊಂದು ಸಲ ಆದರೆ ನಾನೂ ಮನೆಗೆ." ಆಮೇಲೆ ಬಾಗಿಲ ಬಳಿ ಕೂತು ತನ್ನ ಬೆರಳಿನ ಚೂರನ್ನು ತಾನೇ ಕೀಳಲು ನೋಡಿದ. ಎಡಗೈಯಲ್ಲಿ ಆಗಲಿಲ್ಲ. ಅತ್ತಿಗೆ ಸೂಜಿ ಚಾಚಿದಳು. ಅವನು ಒಳಗೆ ಎದ್ದುಹೋದ.

ಏನು ಸಾಧಿಸಿದೆವು? ಅವನ ಪ್ರಶ್ನೆ ಸರಿಯಾಗಿಯೇ ಇತ್ತು. ನಾನು ವಾಚನಾಲಯದಲ್ಲಿ ಕೂತೆ. ಹಳೆಯ ಪೇಪರುಗಳನ್ನೆಲ್ಲ ತೆಗೆಸಿದೆ. ಯಾವ ದೇಶದ ಸುದ್ದಿ ನೋಡಿದರೂ ಕಳೆದ ವರ್ಷಕ್ಕಿಂತ ಈ ವರ್ಷ ಆಯುಧಕ್ಕೆ ಹೆಚ್ಚು. ಆಸ್ಪತ್ರೆಗೆ ಇಲ್ಲ, ಶಾಲೆಗೆ ಇಲ್ಲ, ಇದಕ್ಕೆ ಇದೆ. ಕೊಳ್ಳುವವರು ಬೇರೆಬೇರೆ, ಮಾರುವವರು ಮಾತ್ರ ಸುತ್ತಿಬಳಸಿ ಅದೇ ನಾಲ್ಕು ಮಂದಿ. ಎಲ್ಲವನ್ನೂ ಸೇರಿಸಿ ಮೂರು ಪುಟ ಬರೆದೆ. ಸಂಜೆ ಶಾಲೆಯಲ್ಲಿ ಕಲಿಸಿದ ಹಾಗೆ ಪೀಠಿಕೆ ಇತ್ತು, ಉಪಸಂಹಾರ ಇತ್ತು. ಅತ್ತಿಗೆಗೆ ಓದಿ ಹೇಳಿದೆ. ಅವಳು ಒಂದು ಪುಟ ಮುಗಿಯುವಷ್ಟರಲ್ಲಿ ಆಕಳಿಸಿದಳು.

"ಯಾರಿಗೆ ಕಣೇ ಇದು? ಪರೀಕ್ಷೆ ಬರೀತಾ ಇದ್ದೀಯಾ? ಆ ಕಡೆ ಗುಂಡು, ಈ ಕಡೆ ಚೀಲ, ಯಜಮಾನ ಒಬ್ಬ. ಅಷ್ಟು ಬರಿ. ಮಗುವಿಗೆ ಚೀಲ ಬೇಕಾದದ್ದು ಯಾಕೆ ಅಂತ ಕೇಳು. ಸಾಕು."

ಒಂದು ಪುಟ ಮಾಡಿದೆ. ಹನ್ನೊಂದು ಜನರಲ್ಲಿ ಐವರು ಬರಲೊಪ್ಪಿದರು. ಮಧ್ಯಾಹ್ನ ಎರಡಕ್ಕೆ ಅಣ್ಣನ ಕಾರ್ಖಾನೆಯ ಪಾಳಿ ಬಿಡುವ ಹೊತ್ತಿಗೆ ಗೇಟಿನ ಮುಂದೆ ನಿಂತೆವು. ಅತ್ತಿಗೆ, ಗುಬ್ಬಿ, ನಾನು, ಇನ್ನಿಬ್ಬರು. ಬಿಸಿಲಿಗೆ ರಸ್ತೆಯ ಟಾರು ಅಂಟುತ್ತಿತ್ತು. ಸೈರನ್ ಆಯಿತು. ಗಂಡಸರು ಹೊರಬಂದರು. ಎಣ್ಣೆ ಮೆತ್ತಿದ ಅಂಗಿ, ಕೆಂಪು ಕಣ್ಣು. ನಾನು ಕಾಗದ ಚಾಚಿದೆ. ಒಬ್ಬ ಬೂಟು ನೋಡುತ್ತ ಹೋದ. ಒಬ್ಬ ತೆಗೆದುಕೊಂಡು ಮುದುರಿ ಎಸೆದ. "ಮನೆಗೆ ಹೋಗ್ರಮ್ಮಾ, ನಮ್ಮ ಕೆಲಸಕ್ಕೆ ಕಲ್ಲು ಹಾಕಬೇಡಿ" ಅಂದ ಇನ್ನೊಬ್ಬ. ಗುಬ್ಬಿ ಅವನಿಗೆ, "ಕಲ್ಲು ಹಾಕೋಕೆ ಬಂದಿಲ್ಲ ಮಾವ, ನೀವು ಮಾಡೋ ಗುಂಡು ಯಾರ ಮೇಲೆ ಬೀಳುತ್ತೆ ಅಂತ ಕೇಳೋಕೆ ಬಂದೆ" ಅಂದಳು. ಯಾರೋ ಇಬ್ಬರು ನಕ್ಕರು. ನಿಲ್ಲಲಿಲ್ಲ.

ಅಣ್ಣ ಬಂದ. ನಮ್ಮನ್ನು ನೋಡಿದ. ದಾರಿ ಬದಲಿಸುತ್ತಾನೆ ಎಂದುಕೊಂಡೆ. ಕಾವಲಿನವನು ಅಷ್ಟರಲ್ಲಿ ನನ್ನ ಹತ್ತಿರ ಬಂದು, "ಏ, ಜಾಗ ಖಾಲಿ ಮಾಡು" ಎಂದು ಭುಜಕ್ಕೆ ಕೈಹಾಕಿದ. ಅಣ್ಣನ ಜೊತೆಯವರು ಇದನ್ನು ನೋಡಲು ನಿಂತರು. ಇವಳು ಅವನ ತಂಗಿ ಎಂದು ಅವರಿಗೆಲ್ಲ ಗೊತ್ತಿತ್ತು.

ಅಣ್ಣ ಕಾವಲಿನವನನ್ನು ಏನೂ ಅನ್ನಲಿಲ್ಲ. ನೇರ ಬಂದು ನನ್ನ ಕೈಯಿಂದ ಒಂದು ಕಾಗದ ಎಳೆದುಕೊಂಡ. ಹರಿದುಹಾಕುತ್ತಾನೆ ಎಂದು ಕಾದೆ. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ನನಗೇ ವಾಪಸು ಕೊಟ್ಟ.

"ಓದು."

ನಾನು ಓದಲು ಶುರುಮಾಡಿದೆ.

"ಕೇಳಿಸ್ತಿಲ್ಲ" ಅಂದ.

ಸ್ವಲ್ಪ ಜೋರು ಮಾಡಿದೆ.

"ಕೇಳಿಸ್ತಿಲ್ಲಮ್ಮ. ಲೇತ್ ಮುಂದೆ ನಿಂತವರು ನಾವು, ಎಲ್ಲರಿಗೂ ಅರ್ಧ ಕಿವಿ ಹೋಗಿದೆ. ಹೀಗೆ ಪಾಠ ಓದಿದ ಹಾಗೆ ಓದಿದರೆ ಯಾರಿಗೆ ಕೇಳುತ್ತೆ?" ಅವನ ಮುಖ ಸಿಟ್ಟಿನಿಂದ ಕೆಂಪಾಗಿತ್ತು. ಸಿಟ್ಟು ಯಾರ ಮೇಲೆ ಎಂದು ನನಗೆ ಗೊತ್ತಾಗಲಿಲ್ಲ. "ಕೂಗಿ ಹೇಳು."

ಅವನು ಕಿವಿಯ ಹಿಂದೆ ಕೈ ಇಟ್ಟುಕೊಂಡು ನಿಂತ. ಅವನ ಪಕ್ಕದವನೂ ಇಟ್ಟುಕೊಂಡ. ಅವರ ಹಿಂದೆ ಇನ್ನೂ ಕೆಲವರು. ಭುಜದ ಮೇಲಿನ ಕಾವಲಿನವನ ಕೈ ಬಿಗಿಯಾಯಿತು.

ನಾನು ಕೂಗಿದೆ.